ಮಿಕ್ಸಿಯ ಮೇಲಿನ ಕುಂಕುಮ ಅಳಿಸಬಾರದು

ತುಮಕೂರಿನ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ನಮ್ಮದೊಂದು ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಗ್ರೈಂಡರು, ಇಸ್ತ್ರಿಪೆಟ್ಟಿಗೆ, ನೀರಿನ ಮೋಟಾರು ಎಲ್ಲ ಬರುತ್ತವೆ. ಅಪ್ಪ ಶುರು ಮಾಡಿದ ಅಂಗಡಿ, ಈಗ ನಾನು ನೋಡಿಕೊಳ್ಳುತ್ತೇನೆ. ವೈಂಡಿಂಗ್ ಕಲಿಸಿದ್ದೂ ಅಪ್ಪನೇ. ಹೈಸ್ಕೂಲಿನಲ್ಲಿದ್ದಾಗ ಸಂಜೆ ಹೊತ್ತು ಅಂಗಡಿಯಲ್ಲಿ ಕೂರಿಸಿಕೊಂಡು ತಾಮ್ರದ ತಂತಿ ಸುತ್ತಿಸುತ್ತಿದ್ದರು.

ಇಷ್ಟು ವರ್ಷದ ಕೆಲಸದಲ್ಲಿ ಒಂದು ವಿಷಯ ನನಗೆ ಚೆನ್ನಾಗಿ ಗೊತ್ತಾಗಿದೆ. ಯಾರಾದರೂ ಕೆಟ್ಟ ಮಿಕ್ಸಿ ತಂದು ಟೇಬಲ್ ಮೇಲೆ ಇಟ್ಟರೆ, ಅವರು ರಿಪೇರಿಗೆ ಒಪ್ಪುತ್ತಾರೋ ಇಲ್ಲವೋ ಅನ್ನುವುದನ್ನು ಬಿಚ್ಚುವ ಮೊದಲೇ ಹೇಳಬಲ್ಲೆ. ಕಂಪನಿ ಯಾವುದು, ಬೆಲೆ ಎಷ್ಟಿತ್ತು, ಎಷ್ಟು ಹಳೆಯದು ಅಂತ ನೋಡಿದರೆ ಇದು ಗೊತ್ತಾಗುವುದಿಲ್ಲ. ನಾನು ಹುಡುಕುವುದು ಒಂದು ಗುರುತನ್ನು. ಮನೆಯವರು ತಮ್ಮ ಕೈಯಿಂದ ಅದಕ್ಕೆ ಏನಾದರೂ ಮಾಡಿದ್ದಾರಾ ಅಂತ ನೋಡುತ್ತೇನೆ. ಏನೂ ಮಾಡದೆ, ಅಂಗಡಿಯಿಂದ ಬಂದ ಹಾಗೇ ಇದ್ದರೆ, ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಭಾಗ, ಸುಟ್ಟಿದೆ ಅಂದ ತಕ್ಷಣ "ಹಾಗಾದ್ರೆ ಬಿಡಿ, ಎಕ್ಸ್‌ಚೇಂಜಿಗೆ ಹಾಕ್ತೀವಿ" ಅಂತ ಎತ್ತಿಕೊಂಡು ಹೋಗುತ್ತಾರೆ. ಗುರುತಿದ್ದರೆ "ಎಷ್ಟಾದ್ರೂ ಆಗ್ಲಿ, ಮಾಡ್ಕೊಡಮ್ಮ" ಅನ್ನುತ್ತಾರೆ. ಹೊಸದಕ್ಕಾಗುವ ಅರ್ಧ ದುಡ್ಡು ರಿಪೇರಿಗೇ ಆಗುತ್ತದೆ ಅಂತ ನಾನೇ ಬಾಯಿಬಿಟ್ಟು ಹೇಳಿದರೂ ಅವರ ಮಾತು ಬದಲಾಗುವುದಿಲ್ಲ.

ಈ ಗುರುತುಗಳು ಎಷ್ಟು ಥರ ಇವೆ ಅಂತ ಬರೆಯದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಗುಬ್ಬಿ ಕಡೆಯಿಂದ ಬರುವ ಒಂದು ಗ್ರೈಂಡರ್ ಮೇಲೆ ಹಸಿರು ಪೇಂಟಿನಲ್ಲಿ "ಶ್ರೀ ಚನ್ನಬಸವೇಶ್ವರ ಪ್ರಸನ್ನ" ಅಂತ ಬರೆದಿದೆ. ಅಕ್ಷರ ಸ್ವಲ್ಪ ಸೊಟ್ಟ, ಯಾಕೆಂದರೆ ಬರೆದದ್ದು ಮನೆಯ ಯಜಮಾನರೇ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಸ್ಟಿಕ್ಕರ್ ಅಂತೂ ನಮ್ಮ ಜಿಲ್ಲೆಯ ಅರ್ಧ ಫ್ರಿಡ್ಜುಗಳ ಮೇಲಿದೆ. ಕೊರಟಗೆರೆ ಕಡೆಯವರದಾದರೆ ಗೊರವನಹಳ್ಳಿ ಲಕ್ಷ್ಮಿ. ಮದುವೆಗೆ ಉಡುಗೊರೆ ಬಂದ ಮಿಕ್ಸಿಯ ಸ್ಟೀಲ್ ಜಾರಿನ ಮೇಲೆ ಪಾತ್ರೆ ಅಂಗಡಿಯವರ ಹತ್ತಿರ ಚುಕ್ಕಿಚುಕ್ಕಿಯಾಗಿ ಹೆಸರು ಹೊಡೆಸಿರುತ್ತಾರೆ, ಕೊಟ್ಟವರ ಹೆಸರು, ಊರು, ತಾರೀಖು. ಹಳೇ ಸೀರೆಯ ಸೆರಗಿನಿಂದ ಹೊಲಿದ ಕವರು. ಟಿವಿಯ ಮೇಲೆ ಕ್ರೋಶಾ ಹೆಣೆದ ಬಟ್ಟೆ. ಗೀಸರಿನ ನಾಬ್ ಎಲ್ಲಿಗೆ ತಿರುಗಿಸಿದರೆ ನೀರು ಹದವಾಗಿ ಬಿಸಿಯಾಗುತ್ತದೋ ಅಲ್ಲಿ ಒಂದು ಚುಕ್ಕೆ ಉಗುರು ಬಣ್ಣ. ರಿಮೋಟಿಗೆ ಕಟ್ಟಿದ ಕೆಂಪು ದಾರ. ಜಾರಿನ ಮುಚ್ಚಳದ ಹಿಡಿ ಮುರಿದಾಗ ಅದಕ್ಕೆ ಸ್ಕ್ರೂ ಹಾಕಿ ಕೂರಿಸಿದ, ಬುಗುರಿಯಿಂದ ಕಿತ್ತ ಮರದ ತುಂಡು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅರಿಶಿನ, ಕುಂಕುಮ, ವಿಭೂತಿ. ಆಯುಧಪೂಜೆಗೆ ಹಚ್ಚಿದ್ದು ಮುಂದಿನ ಆಯುಧಪೂಜೆಯವರೆಗೂ ಇರುತ್ತದೆ.

ಅಪ್ಪನಿಗೆ ಅಂಗಡಿಯಲ್ಲಿ ಒಂದು ನಿಯಮವಿತ್ತು. ಗಿರಾಕಿಯ ಸಾಮಾನನ್ನು ಒರೆಸುವಾಗ ಎಣ್ಣೆ, ಜಿಡ್ಡು, ಹಿಟ್ಟು ಎಲ್ಲ ಒರೆಸು, ಕುಂಕುಮ ಮಾತ್ರ ಮುಟ್ಟಬೇಡ. ಸ್ಟಿಕ್ಕರ್ ಕೀಳಬೇಡ. ಸ್ಕ್ರೂ ಮೇಲೇ ಸ್ಟಿಕ್ಕರ್ ಅಂಟಿಸಿದ್ದರೆ ಬಿಸಿ ಗಾಳಿ ಹಿಡಿದು ನಿಧಾನಕ್ಕೆ ಎಬ್ಬಿಸು, ಕೆಲಸ ಮುಗಿದ ಮೇಲೆ ಅಲ್ಲೇ ಅಂಟಿಸು. ಚಿಕ್ಕವಳಿದ್ದಾಗ ಇದು ದೇವರ ಭಯ ಅಂದುಕೊಂಡಿದ್ದೆ. ಅಪ್ಪ ಅಷ್ಟೇನೂ ದೇವರು ದಿಂಡರು ಅನ್ನುವವರಲ್ಲ. ಕೇಳಿದ್ದಕ್ಕೆ, "ಮೋಟಾರು ಕಂಪನಿಯವರದ್ದು, ಇದು ಆ ಮನೆಯವರದ್ದು. ಅವರದ್ದನ್ನ ಅವರಿಗೆ ವಾಪಸ್ ಕೊಡ್ಬೇಕು" ಅಂದಿದ್ದರು. ಈಗ ಅಂಗಡಿಗೆ ಸೇರುವ ಹುಡುಗರಿಗೆ ಕಾರ್ಬನ್ ಬ್ರಷ್ ಬದಲಾಯಿಸುವುದಕ್ಕಿಂತ ಮೊದಲು ನಾನು ಇದನ್ನೇ ಹೇಳಿಕೊಡುವುದು.

ಅಪ್ಪನ ಮಾತು ಎಷ್ಟು ನಿಜ ಅಂತ ತೋರಿಸಿದ್ದು ಎರಡು ಮಿಕ್ಸಿಗಳು.

ಒಂದು ಕ್ಯಾತ್ಸಂದ್ರದ ಅಕ್ಕ ಒಬ್ಬರದು, ಮದುವೆಯಲ್ಲಿ ತವರಿನವರು ಕೊಟ್ಟದ್ದು. ಅದರ ಆರ್ಮೇಚರ್ ಬದಲಾಗಿದೆ, ಫೀಲ್ಡ್ ಕಾಯಿಲ್ ಬದಲಾಗಿದೆ, ಸ್ವಿಚ್ಚು, ವೈರು, ಬುಷ್ಷು, ಮೋಟಾರಿಗೂ ಜಾರಿನ ಬ್ಲೇಡಿಗೂ ಕೊಂಡಿಯಾಗುವ ಕಪ್ಲರ್ ಎಲ್ಲವೂ ಬದಲಾಗಿವೆ. ಜಾರುಗಳೂ ಹಳೆಯವಲ್ಲ. ಮೊದಲ ದಿನದಿಂದ ಉಳಿದಿರುವುದು ಹೊರಗಿನ ಪ್ಲಾಸ್ಟಿಕ್ ಬಾಡಿ ಮಾತ್ರ. ಅದರ ಪಕ್ಕದಲ್ಲಿ ಅವರ ಮಗಳು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಕೈವಾರದ ಮುಳ್ಳಿನಿಂದ ತನ್ನ ಹೆಸರು ಕೆತ್ತಿದ್ದಾಳೆ. ಅವತ್ತು ಆ ಹುಡುಗಿಗೆ ಏಟು ಬಿದ್ದಿತ್ತಂತೆ. ಈಗ ಅವಳು ಮದುವೆಯಾಗಿ ಶಿವಮೊಗ್ಗದಲ್ಲಿದ್ದಾಳೆ. ಅಕ್ಕ ಪ್ರತಿ ಸಲ ಬಂದಾಗಲೂ "ನನ್ನ ಮದ್ವೆ ಮಿಕ್ಸಿ ಕಣಮ್ಮ, ನೋಡು ಇನ್ನೂ ಹೆಂಗೈತೆ" ಅನ್ನುತ್ತಾರೆ. ಒಳಗೆ ಅವರ ಮದುವೆಯ ದಿನದ್ದು ಒಂದು ಮೊಳೆಯೂ ಇಲ್ಲ ಅನ್ನುವುದು ಅವರಿಗೂ ಗೊತ್ತು, ಬಿಲ್ಲು ಕೊಟ್ಟವರು ಅವರೇ.

ಇನ್ನೊಂದು ಬಟವಾಡಿ ಕಡೆಯವರದು. ಮೋಟಾರು ಗಟ್ಟಿಮುಟ್ಟಾಗಿತ್ತು. ಸ್ಲ್ಯಾಬಿನ ಮೇಲಿಂದ ಬಿದ್ದು ಬಾಡಿ ಎರಡು ಹೋಳಾಗಿತ್ತು. ಅದೇ ಮಾಡೆಲ್ಲಿನ, ಅದೇ ಬಣ್ಣದ ಹೊಸ ಬಾಡಿ ತರಿಸಿ, ಅವರದ್ದೇ ಮೋಟಾರು ಕೂರಿಸಿ ಕೊಟ್ಟೆ. ಆ ಅಮ್ಮ ತಿರುಗಿಸಿ ತಿರುಗಿಸಿ ನೋಡಿದರು. "ಇದು ನಮ್ದಲ್ಲ ಕಣವ್ವ" ಅಂದರು. ತಳ ಬಿಚ್ಚಿ ಮೋಟಾರು ತೋರಿಸಿದೆ, ಹಿಂದಿನ ಸಲ ನಾನೇ ಕಟ್ಟಿದ ದಾರದ ಗಂಟು ತೋರಿಸಿದೆ. "ಹೂಂ ಹೂಂ, ಸರಿ" ಅಂದರೇ ಹೊರತು ಮುಖ ಅರಳಲಿಲ್ಲ. ಆಮೇಲೆ ಮೂಲೆಯಲ್ಲಿ ಇಟ್ಟಿದ್ದ ಒಡೆದ ಬಾಡಿಯ ಚೂರು ತಂದು, ಅದರ ಮೇಲಿದ್ದ ಮಾಸಲು ಸ್ಟಿಕ್ಕರ್ ಎಬ್ಬಿಸಿ, ಹೊಸ ಬಾಡಿಯ ಅದೇ ಜಾಗಕ್ಕೆ ಅಂಟಿಸಿದೆ. ಸ್ಟಿಕ್ಕರ್ ಅಂಚಿಗೆ ಹಳೇ ಕುಂಕುಮ ಅಂಟಿಕೊಂಡೇ ಇತ್ತು. "ಈಗ ಸರಿಹೋಯ್ತು ನೋಡು" ಅಂತ ಎತ್ತಿಕೊಂಡು ಹೋದರು.

ನನ್ನಂಥ ರಿಪೇರಿಯವಳಿಗೆ ಮಿಕ್ಸಿ ಅಂದರೆ ಮೋಟಾರು, ಬಾಡಿ ಅದರ ಮೇಲಿನ ಹೊದಿಕೆ. ಬಳಸುವವರಿಗೆ ಲೆಕ್ಕ ತಿರುಗುಮುರುಗು. ಅವರ ಮಿಕ್ಸಿ ಇರುವುದು ಆ ಸ್ಟಿಕ್ಕರಿನಲ್ಲಿ, ಆ ಗೀಚಿನಲ್ಲಿ. ಒಳಗೆ ಏನೇ ತಿರುಗಲಿ, ಅದು ಅವರದೇ. ಯೋಚನೆ ಮಾಡಿದರೆ ಇದರಲ್ಲಿ ನ್ಯಾಯವಿದೆ. ಒಂದೇ ಅಚ್ಚಿನಲ್ಲಿ ಲಕ್ಷಗಟ್ಟಲೆ ತಯಾರಾದ ಸಾಮಾನಿನಲ್ಲಿ, ಆ ಮನೆಯಲ್ಲಿ ಹುಟ್ಟಿದ್ದು ಅಂತ ಇರುವುದು ಅಷ್ಟೇ ತಾನೆ?

ನನ್ನ ಮಗಳು ಇಲ್ಲೇ ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಇದನ್ನೆಲ್ಲ ಅವಳಿಗೆ ಹೇಳುತ್ತಿದ್ದಾಗ, "ಅಮ್ಮ, ಇದರ ಮೇಲೆ ಹೊರದೇಶದಲ್ಲಿ ಸಂಶೋಧನೆನೇ ಮಾಡಿದ್ದಾರೆ" ಅಂತ ಒಂದಷ್ಟು ಓದಿ ಹೇಳಿದಳು. ಅಮೆರಿಕದ ಐರೋಬಾಟ್ ಕಂಪನಿ 2002ರಲ್ಲಿ ರೂಂಬಾ ಅನ್ನುವ, ತಾನೇ ಓಡಾಡಿಕೊಂಡು ಕಸ ಹೀರುವ ದುಂಡನೆಯ ಯಂತ್ರ ತಂದಿತಲ್ಲ, ಅದರ ಬಗ್ಗೆ. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ಜಾ-ಯಂಗ್ ಸಂಗ್, ರೆಬೆಕಾ ಗ್ರಿಂಟರ್, ಹೆನ್ರಿಕ್ ಕ್ರಿಸ್ಟೆನ್ಸೆನ್ ಮತ್ತು ಜೊತೆಯವರು 2007ರಿಂದ ಕೆಲವು ವರ್ಷ ಇದನ್ನೇ ನೋಡಿದರು. ಜನ ಅದಕ್ಕೆ ಹೆಸರಿಡುತ್ತಿದ್ದರು. ಗಂಡೋ ಹೆಣ್ಣೋ ಅಂತ ತೀರ್ಮಾನಿಸಿ ಹಾಗೇ ಮಾತಾಡಿಸುತ್ತಿದ್ದರು. ಅದು ಸಿಕ್ಕಿಹಾಕಿಕೊಳ್ಳದಿರಲಿ ಅಂತ ಕುರ್ಚಿ ಮೇಜು ಸರಿಸಿ, ನೆಲದ ಮೇಲಿನ ವೈರುಗಳನ್ನು ಎತ್ತಿ ಕಟ್ಟಿ, ಮನೆಯನ್ನೇ ಅದಕ್ಕೆ ಹೊಂದಿಸುತ್ತಿದ್ದರು. ಕೆಲಸ ಕಡಿಮೆ ಮಾಡಲಿ ಅಂತ ತಂದ ಯಂತ್ರಕ್ಕೆ ತಾವೇ ಕೆಲಸ ಮಾಡಿಕೊಡುತ್ತಿದ್ದರು, ಅದೂ ಬೇಸರವಿಲ್ಲದೆ. ಮುಂದೆ 2009ರಲ್ಲಿ ಇದೇ ತಂಡ, ಜನರಿಗೆ ರೂಂಬಾವನ್ನು ಅಲಂಕರಿಸಿಕೊಳ್ಳಲು ಸಾಮಗ್ರಿ ಕೊಟ್ಟು, ಯಾರು ಅಲಂಕರಿಸುತ್ತಾರೆ, ಯಾರು ಇಲ್ಲ, ಯಾಕೆ ಅಂತಲೂ ಪರೀಕ್ಷಿಸಿತು. ಕೆಟ್ಟ ರೂಂಬಾದ ಬದಲು ಬೇರೆ ಕಳಿಸುತ್ತೇವೆ ಅಂದರೆ ಕೆಲವು ಗ್ರಾಹಕರು ಒಪ್ಪದೆ, ನನ್ನದನ್ನೇ ರಿಪೇರಿ ಮಾಡಿ ವಾಪಸ್ ಕಳಿಸಿ ಅಂತಿದ್ದರಂತೆ. ಇದನ್ನು ಕೇಳಿದಾಗ ನನಗೆ ಬಟವಾಡಿಯ ಅಮ್ಮನ ಮುಖವೇ ನೆನಪಾಯಿತು.

ಇನ್ನೊಂದು ಸಂಶೋಧನೆ ನನಗೆ ಇನ್ನೂ ಹತ್ತಿರದ್ದು ಅನ್ನಿಸಿತು. ಮೈಕಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಆರಿಯೆಲಿ ಅನ್ನುವವರು 2012ರಲ್ಲಿ ಪ್ರಕಟಿಸಿದ್ದು. ಸ್ವೀಡನ್ನಿನ ಐಕಿಯಾ ಕಂಪನಿ ಪೀಠೋಪಕರಣವನ್ನು ಬಿಡಿಬಿಡಿಯಾಗಿ ಮಾರುತ್ತದೆ, ಕೊಂಡವರೇ ಜೋಡಿಸಿಕೊಳ್ಳಬೇಕು. ಅದಕ್ಕೇ ಇವರು ಇದನ್ನು ಐಕಿಯಾ ಪರಿಣಾಮ ಅಂದರು. ಜನರಿಂದ ಪೆಟ್ಟಿಗೆ ಜೋಡಿಸಿ, ಕಾಗದದ ಕೊಕ್ಕರೆ ಮಡಿಸಿ, ಲೆಗೊ ಕಟ್ಟಿಸಿ ನೋಡಿದರು. ತಾವು ಮಡಿಸಿದ ಅಂಕುಡೊಂಕು ಕೊಕ್ಕರೆಗೆ ಜನ ಕೊಡಲು ತಯಾರಿದ್ದ ಬೆಲೆ, ಪಳಗಿದವರು ಮಡಿಸಿದ್ದಕ್ಕೆ ಬೇರೆಯವರು ಕೊಡುವ ಬೆಲೆಯ ಹತ್ತಿರ ಹತ್ತಿರ ಇತ್ತು. ಆದರೆ ಕಟ್ಟಿದ್ದನ್ನು ಕೆಡವಿಹಾಕಿದರೆ, ಅಥವಾ ಅರ್ಧಕ್ಕೇ ಬಿಡಿಸಿದರೆ, ಆ ಪ್ರೀತಿ ಹುಟ್ಟುತ್ತಿರಲಿಲ್ಲ. ಕೆಲಸ ಪೂರ್ತಿಯಾಗಬೇಕು, ಕಣ್ಣಮುಂದೆ ಉಳಿಯಬೇಕು.

ನನ್ನ ಟೇಬಲ್ಲಿನ ಅನುಭವ ಈ ಮಾತಿಗೆ ಸರಿಯಾಗಿ ಕೂಡುತ್ತದೆ. ಅಂಗಡಿಯಲ್ಲಿ ಬಣ್ಣ ಆರಿಸಿಕೊಂಡರೆ ಸಾಮಾನು ನಮ್ಮದಾಗುವುದಿಲ್ಲ. ಈಗ ಫ್ರಿಡ್ಜಿನ ಬಾಗಿಲ ಮೇಲೆ ಹೂವಿನ ಚಿತ್ರ ಬರುತ್ತದಲ್ಲ, ನೇರಳೆ, ಕೆಂಪು, ನೀಲಿ. ಎಸ್.ಎಸ್. ಪುರಂನಲ್ಲಿ ಒಂದೇ ಬೀದಿಯ ಸಾಲು ಮನೆಗಳಲ್ಲಿ ಅದೇ ನೇರಳೆ ಹೂವು ನೋಡಿದ್ದೇನೆ. ಆ ಹೂವನ್ನು ನೋಡಿ ಇದು ನಮ್ಮ ಫ್ರಿಡ್ಜು ಅಂತ ಯಾರೂ ಮರುಗಿದ್ದು ಕಾಣೆ. ಅದೇ ಫ್ರಿಡ್ಜಿನ ಮೇಲೆ ಮಗು ಅಂಟಿಸಿದ ಸೇಬಿನ ಸ್ಟಿಕ್ಕರು, ಹಾಲಿನ ಲೆಕ್ಕದ ಗೀಟುಗಳು ಇದ್ದರೆ ಮಾತೇ ಬೇರೆ. ಆರಿಸುವುದು ಒಂದು ಕ್ಷಣದ್ದು, ದುಡ್ಡಿನದ್ದು. ಕೈಯಿಂದ ಮಾಡಿದ್ದಕ್ಕೆ ಸ್ವಲ್ಪ ಹೊತ್ತು, ಸ್ವಲ್ಪ ಶ್ರಮ ಹೋಗಿರುತ್ತದೆ.

ಶ್ರಮ ಅಂದ ಮೇಲೆ ಒಬ್ಬರ ವಿಷಯ ಹೇಳಲೇಬೇಕು. ತುಮಕೂರು ಎಚ್‌ಎಂಟಿ ಗಡಿಯಾರದ ಊರು. ಆ ವಾಚ್ ಕಂಪನಿಯನ್ನು ಮುಚ್ಚುವುದಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಹೋದರೂ ಅಲ್ಲಿ ಕೆಲಸ ಮಾಡಿದವರ ಬೆರಳುಗಳ ಸೂಕ್ಷ್ಮ ಹೋಗಿಲ್ಲ. ಅಂಥ ಒಬ್ಬ ಅಂಕಲ್ ನಮ್ಮ ಅಂಗಡಿಗೆ ಬರುತ್ತಾರೆ. ರಿಪೇರಿಗೆ ಅಂತ ಬರುವುದು ಕಡಿಮೆ, ಮಾತಾಡುವುದಕ್ಕೆ ಜಾಸ್ತಿ. ಅವರ ಮನೆಯ ಮಿಕ್ಸಿಯ ಕಪ್ಲರ್ ಪದೇ ಪದೇ ಹಲ್ಲು ಸವೆಯುತ್ತಿತ್ತು. ಹಿತ್ತಾಳೆಯಲ್ಲಿ ಒಂದು ಕಡಿದು ಹಾಕಿಬಿಡುತ್ತೇನೆ ಅಂದರು. ಬೇಡ ಅಂಕಲ್ ಅಂದೆ. ಕಪ್ಲರ್ ಮೆತ್ತಗಿರುವುದು ಬೇಕಂತಲೇ. ಜಾರಿನಲ್ಲಿ ಒಣಕೊಬ್ಬರಿಯೋ ಅರಿಶಿನದ ಕೊಂಬೋ ಸಿಕ್ಕಿ ಬ್ಲೇಡ್ ನಿಂತುಬಿಟ್ಟರೆ ಮೊದಲು ಕಪ್ಲರ್ ಮುರಿಯಬೇಕು, ಆರ್ಮೇಚರ್ ಉಳಿಯಬೇಕು. ಲೋಹದ್ದು ಹಾಕಿದರೆ ಮುರಿಯುವುದು ಬೇರೆ ಏನಾದರೂ. ಅದು ಅವರಿಗೆ ಥಟ್ಟನೆ ಅರ್ಥವಾಯಿತು. ನೈಲಾನ್ ರಾಡ್ ತಂದು, ಪರಿಚಯದವರ ಲೇತಿನಲ್ಲಿ ಕಡಿದು, ಅದರ ಉಲ್ಟಾ ಥ್ರೆಡ್ಡನ್ನೂ ತಾವೇ ತೆಗೆದು ತಂದರು. ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದರು. ಅಂಚು ಎಷ್ಟು ನಯವಾಗಿತ್ತು ಅಂದರೆ ಹಾಕಲು ನನಗೇ ಮನಸ್ಸಾಗಲಿಲ್ಲ. ಈಗ ಅವರ ಸೊಸೆ ಹೊಸ ಮಿಕ್ಸಿ ತರೋಣ ಅಂದರೆ ಅಂಕಲ್ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಬ್ಲೇಡಿನ ಸದ್ದು ಒಂಚೂರು ಬದಲಾದರೂ ಮೊದಲು ಎದ್ದು ಬರುವವರು ಅವರೇ. ತಿಂಗಳಿಗೊಮ್ಮೆ ತಳ ಬಿಚ್ಚಿ ಧೂಳು ತೆಗೆಯುತ್ತಾರೆ. ಅದಕ್ಕೇ ಅದು ಬಾಳುತ್ತಿದೆ. ಪ್ರೀತಿ ಇರುವ ಕಡೆ ಯಂತ್ರ ಜಾಸ್ತಿ ದಿನ ಬಾಳುವುದರಲ್ಲಿ ಪವಾಡವೇನಿಲ್ಲ, ಅಲ್ಲಿ ಸಣ್ಣ ಸದ್ದಿಗೇ ಕಿವಿಗೊಡುವವರು ಇರುತ್ತಾರೆ.

ಈಗ ಕಂಪನಿಗಳು ಹೇಳುವ "ನಿಮಗಾಗಿಯೇ" ಅನ್ನುವುದು ಬೇರೆ ಥರದ್ದು. ವಾಷಿಂಗ್ ಮೆಷಿನ್ ನೀವು ಹೇಗೆ ಬಟ್ಟೆ ಒಗೆಯುತ್ತೀರಿ ಅಂತ ಕಲಿಯುತ್ತದೆ, ಎ.ಸಿ. ನಿಮಗೆ ಎಷ್ಟು ತಂಪು ಬೇಕು ಅಂತ ನೆನಪಿಟ್ಟುಕೊಳ್ಳುತ್ತದೆ, ಟಿವಿ ನಿಮಗೆ ಇಷ್ಟದ್ದನ್ನು ತಂದು ಮುಂದಿಡುತ್ತದೆ. ಅನುಕೂಲ ಹೌದು, ನಾನೇನೂ ಅದರ ವಿರೋಧಿಯಲ್ಲ. ಆದರೆ ಅಲ್ಲಿ ಕೆಲಸ ಮಾಡುವುದು ಯಂತ್ರ, ನಾವಲ್ಲ. ನಮ್ಮ ಬಗ್ಗೆ ಅದು ತಿಳಿದುಕೊಂಡಿದ್ದು ಸಾಮಾನ್ಯವಾಗಿ ಆ ಯಂತ್ರದೊಳಗೂ ಇರುವುದಿಲ್ಲ, ಎಲ್ಲೋ ದೂರದ ಸರ್ವರಿನಲ್ಲಿ ಇರುತ್ತದೆ. ಅದರ ಪಾಡು ಏನಾಗಬಹುದು ಅನ್ನುವುದಕ್ಕೆ ಜಿಬೊ ಅನ್ನುವ ಪುಟ್ಟ ಮನೆರೋಬಾಟೇ ಸಾಕ್ಷಿ. ಅಮೆರಿಕದ ಎಂಐಟಿಯ ಸಿಂಥಿಯಾ ಬ್ರಝೀಲ್ ಅವರ ಕೂಸು ಅದು. 2014ರಲ್ಲಿ ಜನರಿಂದಲೇ ದುಡ್ಡು ಎತ್ತಿ ಶುರು ಮಾಡಿ, 2017ರಲ್ಲಿ ಮನೆಗಳಿಗೆ ಮುಟ್ಟಿಸಿದರು. ಮನೆಯವರ ಮುಖ ಗುರುತು ಹಿಡಿಯುತ್ತಿತ್ತು, ಹೆಸರು ಹಿಡಿದು ಕರೆಯುತ್ತಿತ್ತು. ಕಂಪನಿ ನಿಂತುಹೋಯಿತು. 2019ರಲ್ಲಿ, ತನ್ನ ಸರ್ವರುಗಳನ್ನು ಇಷ್ಟರಲ್ಲೇ ನಿಲ್ಲಿಸುತ್ತಾರೆ ಅಂತ ಜಿಬೊ ತಾನೇ ಮನೆಯವರಿಗೆ ಹೇಳಿ ವಿದಾಯ ಕೋರಿತು. ಮಗಳು ಇದನ್ನು ಓದಿ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಅದರ ಮೋಟಾರು ಚೆನ್ನಾಗಿತ್ತು. ಬೇರಿಂಗ್ ಚೆನ್ನಾಗಿತ್ತು. ನನ್ನಂಥವಳ ಕೈಗೆ ಕೊಟ್ಟಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ.

ಜಪಾನಿನವರ ಕಥೆ ಇನ್ನೊಂದು ರೀತಿ. ಸೋನಿ 1999ರಲ್ಲಿ ಐಬೊ ಅನ್ನುವ ನಾಯಿಮರಿ ರೋಬಾಟು ತಂದಿತು, 2006ರಲ್ಲಿ ತಯಾರಿ ನಿಲ್ಲಿಸಿತು, 2014ರಲ್ಲಿ ರಿಪೇರಿಯನ್ನೂ ನಿಲ್ಲಿಸಿತು. ಆದರೂ ಜನ ಬಿಡಲಿಲ್ಲ. ಸೋನಿಯಲ್ಲಿದ್ದ ಹಳೇ ಎಂಜಿನಿಯರುಗಳು ಸೇರಿ ಎ-ಫನ್ ಅನ್ನುವ ರಿಪೇರಿ ಕಂಪನಿ ಮಾಡಿ, ತೀರಾ ಕೆಟ್ಟವುಗಳಿಂದ ಭಾಗ ತೆಗೆದು ಉಳಿದವಕ್ಕೆ ಹಾಕಿಕೊಟ್ಟರು. ಭಾಗ ತೆಗೆಯುವ ಮೊದಲು ಚಿಬಾ ಪ್ರಾಂತ್ಯದ ಇಸುಮಿಯ ಕೊಫುಕುಜಿ ದೇವಸ್ಥಾನದಲ್ಲಿ, ಒಂದೊಂದಕ್ಕೂ ಯಾರ ಮನೆಯದ್ದು ಅಂತ ಚೀಟಿ ಕಟ್ಟಿ ಸಾಲಾಗಿ ಇಟ್ಟು, ಪುರೋಹಿತರಿಂದ ಮಂತ್ರ ಹೇಳಿಸಿ ಬೀಳ್ಕೊಡುತ್ತಿದ್ದರು. ಅದರ ಫೋಟೋ ನೋಡಿದೆ. ಆಯುಧಪೂಜೆ ದಿನ ನಮ್ಮ ಅಂಗಡಿಯಲ್ಲಿ ರಿಪೇರಿಗೆ ಬಂದ ಸಾಮಾನನ್ನೆಲ್ಲ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಚೀಟಿ ಇರುವಂತೆಯೇ ಕುಂಕುಮ ಹಚ್ಚಿ ಬೂದುಗುಂಬಳ ಒಡೆಯುತ್ತೇವೆ. ಆ ಫೋಟೋದಲ್ಲಿ ನನಗೆ ವಿಚಿತ್ರ ಅನ್ನಿಸುವಂಥದ್ದು ಏನೂ ಕಾಣಲಿಲ್ಲ.

ಆದರೆ ಯಂತ್ರ ತಾನೇ ಕಲಿತಿದ್ದಕ್ಕೆ ಮನುಷ್ಯ ಅಂಟಿಕೊಳ್ಳುವುದೇ ಇಲ್ಲ ಅಂತ ಗಂಟೆ ಹೊಡೆದು ಹೇಳಲಾರೆ. ನಮ್ಮಲ್ಲಿ ಟಿವಿ ಕೆಲಸ ಮಾಡುವುದಿಲ್ಲ, ಪಕ್ಕದ ಅಂಗಡಿಯವರು ಮಾಡುತ್ತಾರೆ. ಅಲ್ಲಿಗೆ ಒಬ್ಬ ರಿಟೈರ್ಡ್ ಮೇಷ್ಟ್ರು ಟಿವಿ ತಂದಿದ್ದರು. ಸದ್ದು ಬರುತ್ತದೆ, ಚಿತ್ರ ಇಲ್ಲ. ಬ್ಯಾಕ್‌ಲೈಟಿನ ಎಲ್‌ಇಡಿ ಪಟ್ಟಿ ಹೋಗಿರುತ್ತದೆ, ಮಾಮೂಲು ತೊಂದರೆ. ಹಳೇ ಸೆಟ್ಟು, ದೊಡ್ಡ ಸ್ಕ್ರೀನಿನ ಹೊಸದು ತಗೊಳ್ಳಿ ಸಾರ್ ಅಂತ ಅವರು ಅಂದರು. ಮೇಷ್ಟ್ರು ಸುಮ್ಮನಿದ್ದು, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅದರಲ್ಲಿ ಅವಳ ಹೆಸರಿನದ್ದು ಒಂದಿದೆ ಕಣಮ್ಮ" ಅಂದರು. ಟಿವಿ ಹಾಕಿದಾಗ ಯಾರು ನೋಡುತ್ತಿದ್ದೀರಿ ಅಂತ ಕೇಳುವ ಪ್ರೊಫೈಲು. ಅವರ ಹೆಂಡತಿ ತೀರಿಕೊಂಡಿದ್ದಾರೆ. ಅವರ ಪ್ರೊಫೈಲಿಗೆ ಹೋದರೆ ಅವರು ಅರ್ಧ ನೋಡಿ ಬಿಟ್ಟ ಧಾರಾವಾಹಿ ಅಲ್ಲೇ ನಿಂತಿದೆ. ಅದು ಟಿವಿಯಲ್ಲಿ ಇರುವುದಲ್ಲ ಸಾರ್, ನಿಮ್ಮ ಅಕೌಂಟಿನಲ್ಲಿ ಇರುವುದು, ಹೊಸ ಟಿವಿಗೆ ಅದೇ ನಂಬರು ಹಾಕಿದರೆ ಅಲ್ಲೂ ಬರುತ್ತದೆ ಅಂತ ಬಿಡಿಸಿ ಹೇಳಿದೆ. ಕೇಳಿಸಿಕೊಂಡರು. "ಬರಬಹುದು. ಆದರೆ ಅವಳು ಕೂತು ನೋಡ್ತಿದ್ದುದು ಇದರಲ್ಲಿ" ಅಂದರು. ಪಕ್ಕದ ಅಂಗಡಿಯವರು ಪಟ್ಟಿ ಬದಲಾಯಿಸಿ ಕೊಟ್ಟರು. ಆ ಪ್ರೊಫೈಲಿಗೆ ಹೆಸರು ಟೈಪ್ ಮಾಡಿದ್ದು ಆ ಅಮ್ಮನೇ. ಕನ್ನಡದಲ್ಲಿ ಬರಲಿಲ್ಲ ಅಂತ ಇಂಗ್ಲಿಷ್ ಅಕ್ಷರದಲ್ಲೇ ಕಷ್ಟಪಟ್ಟು ಹೊಡೆದಿದ್ದರಂತೆ. ನನ್ನ ಮಟ್ಟಿಗೆ ಆ ಹೆಸರೂ ಕೈವಾರದಲ್ಲಿ ಕೆತ್ತಿದ ಹೆಸರಿನ ಜಾತಿಯದ್ದೇ.

ಪ್ರೀತಿಯಿಂದ ತೊಂದರೆಯೂ ಇದೆ, ಅದನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಮಿಕ್ಸಿಯ ಮೋಟಾರಿಗೆ ಗಾಳಿ ಹೋಗುವುದು ತಳದ ಮತ್ತು ಪಕ್ಕದ ಕಿಂಡಿಗಳಿಂದ. ಅದರ ಮೇಲೆ ಸ್ಟಿಕ್ಕರ್ ಅಂಟಿಸಿದರೆ, ತಳಕ್ಕೆ ಬಟ್ಟೆ ಹಾಸಿದರೆ, ಒಳಗೆ ಬಿಸಿ ಕೂತು ವೈಂಡಿಂಗಿನ ವಾರ್ನಿಷ್ ಸುಡುತ್ತದೆ. ಸ್ಟೆಬಿಲೈಸರಿಗೆ ಕಸೂತಿ ಕವರು ಹಾಕಿ ಟ್ರಾನ್ಸ್‌ಫಾರ್ಮರ್ ಸುಟ್ಟುಕೊಂಡವರಿದ್ದಾರೆ. ಹೊಸ ಫ್ರಿಡ್ಜುಗಳಲ್ಲಿ ಶಾಖ ಹೊರಹಾಕುವ ಕೊಳವೆ ಎರಡು ಪಕ್ಕದ ತಗಡಿನ ಒಳಗಡೆ ಇರುತ್ತದೆ, ಅದಕ್ಕೇ ಪಕ್ಕ ಮುಟ್ಟಿದರೆ ಬೆಚ್ಚಗಿರುವುದು. ಜೇಬುಗಳಿರುವ ಕವರನ್ನು ಅಲ್ಲಿ ಇಳಿಬಿಟ್ಟು, ಜೇಬು ತುಂಬ ಕಾಗದ ತುಂಬಿದರೆ ಕಂಪ್ರೆಸರ್ ಸುಮ್ಮನೆ ದುಡಿಯುತ್ತದೆ, ಕರೆಂಟು ಬಿಲ್ಲು ಏರುತ್ತದೆ. ಕವರು ತೆಗೆದುಬಿಡಿ ಅಂತ ನಾನು ಹೇಳುವುದಿಲ್ಲ. ತಲೆಯ ಮೇಲೆ ಮಾತ್ರ ಹಾಸಿ, ಪಕ್ಕ ಬಿಡಿ ಅನ್ನುತ್ತೇನೆ. ಸ್ಟಿಕ್ಕರನ್ನು ಎರಡು ಬೆರಳು ಮೇಲೆ ಸರಿಸಿ ಕೊಡುತ್ತೇನೆ.

ಎಲ್ಲದಕ್ಕಿಂತ ಕಷ್ಟ ಇಸ್ತ್ರಿಪೆಟ್ಟಿಗೆ. ಬಟ್ಟೆ ಸುತ್ತಿದ ವೈರಿನ, ಅರ್ತ್ ಇಲ್ಲದ, ಅಜ್ಜನ ಕಾಲದ ಭಾರದ ಪೆಟ್ಟಿಗೆಗಳು ಇನ್ನೂ ಬರುತ್ತವೆ. ಹಿಡಿಗೆ ಅಜ್ಜ ಸುತ್ತಿದ ಸೈಕಲ್ ಟ್ಯೂಬ್ ಹಾಗೇ ಇರುತ್ತದೆ. ಕರೆಂಟು ಸೋರುತ್ತದಾ ಅಂತ ತೋರಿಸುವ ಮೆಗ್ಗರ್ ಇಟ್ಟು ನೋಡಿದರೆ ಇನ್ಸುಲೇಷನ್ ಸತ್ತುಹೋಗಿರುತ್ತದೆ. ಇದನ್ನು ಹಾಗೇ ಕೊಡುವುದಿಲ್ಲ ಅಂತ ಖಡಾಖಂಡಿತ ಹೇಳುತ್ತೇನೆ. ಎಲಿಮೆಂಟು, ಮೈಕಾ, ಮೂರು ಪಿನ್ನಿನ ವೈರು ಹಾಕಿಸಿಕೊಳ್ಳಲು ಒಪ್ಪಿದರೆ ಸರಿ, ಇಲ್ಲದಿದ್ದರೆ ಎಲಿಮೆಂಟ್ ತೆಗೆದು ಶೋಕೇಸಿನಲ್ಲಿ ಇಡಲು ಕೊಡುತ್ತೇನೆ. ಬೇಜಾರು ಮಾಡಿಕೊಂಡು ಹೋದವರೂ ಇದ್ದಾರೆ. ಪ್ರಾಣದ ವಿಷಯದಲ್ಲಿ ನಾನು ದಾಕ್ಷಿಣ್ಯ ನೋಡುವುದಿಲ್ಲ.

ನನಗೆ ಸಿಟ್ಟು ಬರುವುದು ಕೈ ಹಾಕಲು ಜಾಗವೇ ಇಲ್ಲದಂತೆ ಸಾಮಾನು ಮಾಡುವುದರ ಮೇಲೆ. ಸ್ಕ್ರೂ ಇದ್ದ ಕಡೆ ಗೋಂದು. ಬಿಡಿ ಭಾಗ ಕೇಳಿದರೆ ಪೂರ್ತಿ ಸೆಟ್ಟೇ ತಗೊಳ್ಳಿ ಅನ್ನುವ ಉತ್ತರ. ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆದಿದೆ. ಕಂಪನಿಗಳು ತಮ್ಮ ಸಾಮಾನಿನ ರಿಪೇರಿ ಮಾಹಿತಿ, ಬಿಡಿಭಾಗದ ವಿವರ ಅಲ್ಲಿ ಕೊಡಬೇಕು ಅನ್ನುವುದು ಉದ್ದೇಶ. ಒಳ್ಳೆಯದು. ಜನ ತಮ್ಮ ಸಾಮಾನನ್ನು ಪ್ರೀತಿಸಬೇಕು, ಗುಜರಿಗೆ ಹಾಕಬಾರದು ಅಂತ ನಿಜವಾಗಿ ಆಸೆ ಇದ್ದರೆ, ಬಿಚ್ಚಲು ಬರುವ ಬಾಡಿ, ಬರೆಯಲು ಒಂದು ಖಾಲಿ ಜಾಗ, ಹತ್ತು ವರ್ಷ ಸಿಗುವ ಕಪ್ಲರು, ಇಷ್ಟು ಕೊಡಲಿ. ಮಿಕ್ಕಿದ್ದನ್ನು ಮನೆಯವರೇ ಮಾಡಿಕೊಳ್ಳುತ್ತಾರೆ.

ಈ ವಾರ ಮಾಡಿದ ಒಂದು ಕೆಲಸ ಬರೆದು ಮುಗಿಸುತ್ತೇನೆ. ಚಿಕ್ಕಪೇಟೆಯ ಒಂದು ಮನೆಯಲ್ಲಿ ಕಣ್ಣು ಕಾಣದ ಅಜ್ಜಿ ಇದ್ದಾರೆ. ಅವರ ಕೋಣೆಯ ಹಳೇ ಫ್ಯಾನಿನ ರೆಗ್ಯುಲೇಟರ್ ಸುತ್ತ ಅವರೇ ಹುಣಸೆಬೀಜ ಅಂಟಿಸಿಕೊಂಡಿದ್ದರು, ಎರಡನೇ ಅಂಕೆಗೆ ಒಂದು, ನಾಲ್ಕನೇ ಅಂಕೆಗೆ ಜೋಡಿ. ಚಳಿಗೆ ಒಂಟಿ ಬೀಜ, ಸೆಕೆಗೆ ಜೋಡಿ ಬೀಜ. ಮಗ ಕರೆಂಟು ಉಳಿಯಲಿ ಅಂತ ಬಿಎಲ್‌ಡಿಸಿ ಫ್ಯಾನ್ ತಂದರು. ಹಳೆಯದು 75 ವ್ಯಾಟ್ ಎಳೆಯುತ್ತಿದ್ದರೆ ಇದಕ್ಕೆ 30ರ ಆಸುಪಾಸು ಸಾಕು, ಒಳ್ಳೆಯ ಯೋಚನೆಯೇ. ಆದರೆ ಅದನ್ನು ಮಾಮೂಲಿ ರೆಗ್ಯುಲೇಟರಿನಲ್ಲಿ ಓಡಿಸುವಂತಿಲ್ಲ, ರಿಮೋಟಿನಲ್ಲೇ ನಡೆಸಬೇಕು. ರಿಮೋಟಿನ ಗುಂಡಿಗಳೆಲ್ಲ ಒಂದೇ ಥರ, ನುಣ್ಣಗೆ. ಅಜ್ಜಿ ಅದನ್ನು ಮುಟ್ಟಲೂ ಒಪ್ಪಲಿಲ್ಲ. "ನನ್ ಫ್ಯಾನು ನಂಗ್ ಹಾಕ್ಕೊಡ್ರಪ್ಪ" ಅಂತ ಒಂದೇ ಹಟ.

ನಾನು ರಿಮೋಟ್ ತೆಗೆದುಕೊಂಡು ಹೋಗಿ ಅಜ್ಜಿಯ ಮುಂದೆ ಕೂತೆ. ಹಳೇ ರೆಗ್ಯುಲೇಟರಿನಿಂದ ಆ ಬೀಜಗಳನ್ನೇ ಬ್ಲೇಡಿನಲ್ಲಿ ಬಿಡಿಸಿ ಅವರ ಕೈಗೆ ಕೊಟ್ಟೆ. ಎಲ್ಲಿ ಯಾವುದು ಬೇಕು ಅಂತ ಅವರೇ ಬೆರಳಾಡಿಸಿ ಜಾಗ ತೋರಿಸಿದರು, ಫೆವಿಕ್ವಿಕ್ ಹಾಕಿದ್ದು ನಾನು, ಒತ್ತಿ ಹಿಡಿದದ್ದು ಅವರು. ಗುಂಡಿಯ ಮೇಲೆ ಅಂಟಿಸಿದರೆ ಒತ್ತಲು ಬರುವುದಿಲ್ಲ ಅಂತ ಪಕ್ಕದಲ್ಲಿ ಅಂಟಿಸಿದೆವು. ಆಫ್ ಮಾಡುವ ಗುಂಡಿಗೆ ಏನು ಮಾಡೋಣ ಅಂದೆ. ಸ್ವಲ್ಪ ಯೋಚಿಸಿ, "ಅದಕ್ಕೆ ಒಂದು ಹಲಸಂದೆ ಕಾಳು ಇಡು" ಅಂದರು.

ಹಲಸಂದೆ ಅಂಟಿಸಿ ಕೊಟ್ಟು ಬಂದಿದ್ದೇನೆ. ಅದು ಹುಳ ಹಿಡಿದರೆ ಬದಲಾಯಿಸಲು ಮೊಮ್ಮಗನಿಗೆ ಹೇಳಿದ್ದೇನೆ.